ಎರಡೂವರೆ ನೂಲು ಬಲಕ್ಕೆ ಸರಿದ ಆಕ್ಸಲ್

೧೯೬೯ರಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಖಾಸಗಿ ಮೋಟಾರ್ ವರ್ಕ್‌ಷಾಪಿನಲ್ಲಿ ಫೋರ್‌ಮನ್ ಆಗಿದ್ದೆ. ಬೆಂಗಳೂರಿನಲ್ಲಿ ಎರಡು ವರ್ಷ ಓದಿ ಪಡೆದ ಮೆಕ್ಯಾನಿಕ್ ಸರ್ಟಿಫಿಕೇಟನ್ನು ಚೌಕಟ್ಟು ಹಾಕಿಸಿ ವರ್ಕ್‌ಷಾಪಿನ ಗೋಡೆಗೇ ತೂಗುಹಾಕಿದ್ದೆ. ಊರಿನಲ್ಲಿ ಅಂಥ ಕಾಗದ ಇದ್ದ ಮೆಕ್ಯಾನಿಕ್ ನಾನೊಬ್ಬನೇ. ಇದನ್ನು ಗಿರಾಕಿಗಳು ಮರೆತರೆ ನಾನೇ ನೆನಪಿಸುತ್ತಿದ್ದೆ.

ನನ್ನ ಕೈಕೆಳಗೆ ಗಂಗಾಧರ ಎಂಬವನಿದ್ದ. ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅದಕ್ಕೆ ಮೊದಲು ಊರಿನ ಪವರ್‌ಲೂಮ್ ಷೆಡ್ಡೊಂದರಲ್ಲಿ ಮಗ್ಗ ರಿಪೇರಿ ಮಾಡಿಕೊಂಡಿದ್ದ. ಹಗಲೆಲ್ಲ ಮಗ್ಗಗಳ ಸದ್ದಿನಲ್ಲಿ ನಿಂತೂ ನಿಂತೂ ಅವನ ಎಡಗಿವಿ ಹೋಗಿತ್ತು. ಅಲ್ಲೇ ಇದ್ದರೆ ಬಲಗಿವಿಯೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಆ ಕೆಲಸ ಬಿಟ್ಟು ನಮ್ಮಲ್ಲಿಗೆ ಬಂದಿದ್ದ. ಯಜಮಾನರು ಅವನನ್ನು ದಿನಗೂಲಿಯ ಮೇಲೆ ಇಟ್ಟುಕೊಂಡು, ದೀಪಾವಳಿ ಕಳೆದ ಮೇಲೆ ಕಾಯಂ ಮಾಡುತ್ತೇನೆ ಎಂದಿದ್ದರು.

ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಬೇರೆ ಹೆಸರಿನಿಂದ ಕರೆದು ಪ್ರಯೋಜನವಿಲ್ಲ. ಎಂಜಿನ್ನಿನಲ್ಲಿ ಸದ್ದು ಬಂದರೆ ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಿಂದ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕಿವಿಗೆ ಕೇಳದ್ದು ಹಲ್ಲಿಗೆ ತಿಳಿಯುತ್ತಿತ್ತು. ಯಾವ ಬೇರಿಂಗ್ ಹೋಗಿದೆ ಎಂದು ಹೇಳಿಬಿಡುತ್ತಿದ್ದ, ಬಿಚ್ಚಿದರೆ ಅದೇ ಹೋಗಿರುತ್ತಿತ್ತು. ನಾನೂ ಒಂದು ದಿನ ಯಾರೂ ಇಲ್ಲದಾಗ ಕಚ್ಚಿ ನೋಡಿದೆ. ಹಲ್ಲು ಜುಮ್ಮೆಂದದ್ದು ಬಿಟ್ಟರೆ ಏನೂ ತಿಳಿಯಲಿಲ್ಲ. ಆಮೇಲಾಮೇಲೆ ಬಂದ ಗಿರಾಕಿಗಳು ನನ್ನ ಮುಂದೆಯೇ ನಿಂತು, "ಗಂಗಾಧರ ಇದಾನಾ?" ಎಂದು ಕೇಳತೊಡಗಿದರು. ಗೋಡೆಯ ಮೇಲಿನ ಸರ್ಟಿಫಿಕೇಟು ಅವನ ಹಲ್ಲಿನ ಮುಂದೆ ಸೋತಿತ್ತು.

ಆ ವರ್ಷ ಶ್ರಾವಣದಲ್ಲಿ ಊರಿನ ಸೀರೆ ವ್ಯಾಪಾರಿ ಶೆಟ್ಟರು ತಮ್ಮ ಹಳೆಯ ಅಮೆರಿಕನ್ ಕಾರನ್ನು ತಂದರು. ಡಿಕ್ಕಿಯ ತುಂಬ ಸೀರೆ ಗಂಟು ಹೇರಿಕೊಂಡು ದೇವನಹಳ್ಳಿ ಕಡೆಗೆ ಹೋಗುವಾಗ ಆವತಿಯ ಹತ್ತಿರದ ಕೊರಕಲು ದಾರಿಯಲ್ಲಿ ಕಾರಿನ ಹಿಂಭಾಗ ಕುಸಿದು ಪೆಟ್ರೋಲ್ ಟ್ಯಾಂಕು ನೆಲಕ್ಕೆ ಉಜ್ಜುತ್ತಿತ್ತು. ಹಿಂಭಾಗವನ್ನು ಎರಡು ಇಂಚು ಎತ್ತರಿಸಿಕೊಡಿ ಎಂದರು. ನಮ್ಮ ಕಡೆಯ ಜೀಪು ಲಾರಿಗಳಿಗೆ ಇರುವುದು ಕಮಾನು ಪಟ್ಟಿ, ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದರೆ ಎತ್ತರ ಬರುತ್ತದೆ. ಈ ಕಾರಿನ ಹಿಂದೆ ಇದ್ದದ್ದು ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್. ಮದರಾಸಿನಿಂದ ಬೇರೆ ಸ್ಪ್ರಿಂಗ್ ತರಿಸದೆ ಆಗದು ಎಂದು ನಾನು ಹೇಳಿದೆ. ಗಂಗಾಧರ ಹಿಂದಿನಿಂದ ಮೆಲ್ಲಗೆ, "ಸ್ಪ್ರಿಂಗ್ ಕೆಳಗೆ ಒಂದೊಂದು ಉಂಗುರ ಕೊಟ್ರೆ ಆಗಲ್ವಾ ಅಣ್ಣ?" ಎಂದ. ಶೆಟ್ಟರ ಮುಖ ಅರಳಿತು. ಎರಡು ದಿನದಲ್ಲಿ ಲೇತ್‌ನಲ್ಲಿ ಎರಡು ಕಬ್ಬಿಣದ ಉಂಗುರ ಕಡೆಸಿ ತಂದು ಕೂರಿಸಿದ. ಕಾರು ಅಳತೆಗೆ ಸರಿಯಾಗಿ ಎರಡು ಇಂಚು ಎದ್ದಿತು. ಆ ದಿನ ಮನೆಯಲ್ಲಿ ನನಗೆ ಊಟ ಸೇರಲಿಲ್ಲ.

ನಾಲ್ಕನೆಯ ದಿನ ಶೆಟ್ಟರ ಡ್ರೈವರ್ ಖಾದರ್ ಕಾರು ತಂದು ನಿಲ್ಲಿಸಿ ನನ್ನನ್ನು ಕರೆದ.

"ಮೇಸ್ತ್ರೀ, ಬೆಳಗ್ಗೆ ಕಾರು ತೊಳೀತಾ ಇದ್ದೆ. ಎಡಗಡೆ ಟೈರಿಗೂ ಮಡ್‌ಗಾರ್ಡಿಗೂ ಮಧ್ಯೆ ಬಟ್ಟೆ ಹಿಡಿದ ಮುಷ್ಟಿ ಸಲೀಸಾಗಿ ಹೋಗ್ತದೆ. ಬಲಗಡೆ ಸಿಕ್ಕಾಕ್ಕೊಳ್ತದೆ. ಮುಂಚೆ ಹಿಂಗಿರ್ಲಿಲ್ಲ."

ಹಿಂದೆ ನಿಂತು ನೋಡಿದೆ. ಕಾರು ಸೊಂಟ ಒಂದು ಕಡೆಗೆ ತಿರುಗಿಸಿಕೊಂಡು ನಿಂತ ಹಾಗಿತ್ತು. ನನಗಾದ ಸಂತೋಷವನ್ನು ಹೇಳಲಾರೆ. ಯಜಮಾನರು ಗಾಬರಿಯಾಗಿ, "ಏನಪ್ಪಾ ವೆಂಕಟರಮಣ, ನೀನೇ ನೋಡಿ ಹೇಳು. ನೀನು ಏನು ಹೇಳ್ತೀಯೋ ಅದೇ," ಎಂದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಒಬ್ಬನೇ ಅಳೆಯಲು ಕೂತೆ. ಟೈರಿನಿಂದ ಮಡ್‌ಗಾರ್ಡಿನ ಅಂಚಿಗೆ ಎಡಗಡೆ ಮೂರೂಕಾಲು ಇಂಚು, ಬಲಗಡೆ ಎರಡೂವರೆ ಇಂಚಿನ ಮೇಲೆ ಒಂದು ನೂಲು. ನೂಲೆಂದರೆ ಇಂಚಿನ ಎಂಟನೇ ಒಂದು ಭಾಗ. ವ್ಯತ್ಯಾಸ ಐದು ನೂಲು. ಒಂದು ಕಡೆ ಕಡಿಮೆಯಾದದ್ದೇ ಇನ್ನೊಂದು ಕಡೆ ಹೆಚ್ಚುವುದರಿಂದ ಹಿಂದಿನ ಚಕ್ರಗಳ ಅಚ್ಚಾದ ಆಕ್ಸಲ್ ನಿಜವಾಗಿ ಬಲಕ್ಕೆ ಸರಿದದ್ದು ಅದರ ಅರ್ಧ, ಎರಡೂವರೆ ನೂಲು. ಚಾಸಿಸ್ ಬಾಗಿದೆಯೇ ಎಂದು ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿದೆ, ನೆಟ್ಟಗಿತ್ತು. ಚಕ್ರದ ನಟ್ಟು, ಸ್ಪ್ರಿಂಗ್ ಕೂರುವ ಜಾಗ, ರಬ್ಬರ್ ಬುಷ್ಷುಗಳು, ಎಲ್ಲವೂ ಸರಿಯಾಗಿದ್ದವು. ಉಂಗುರಗಳೂ ಸರಿಯಾಗಿದ್ದವು.

ಆಗ ಆಕ್ಸಲಿನ ಹಿಂದೆ ಅಡ್ಡಲಾಗಿದ್ದ ಒಂದು ರಾಡಿನ ಮೇಲೆ ಕಣ್ಣು ಬಿತ್ತು. ಕಾಯಿಲ್ ಸ್ಪ್ರಿಂಗ್ ಕಾರನ್ನು ಹೊರುತ್ತದೆಯೇ ಹೊರತು ಆಕ್ಸಲನ್ನು ಅಡ್ಡಡ್ಡ ಹೊರಳದಂತೆ ಹಿಡಿಯಲಾರದು. ಆ ಕೆಲಸಕ್ಕೆ ಈ ರಾಡು ಇರುತ್ತದೆ. ಇದರ ಹೆಸರು ಟ್ರ್ಯಾಕ್ ಬಾರ್. ಒಂದು ತುದಿಯನ್ನು ಬಲಗಡೆ ಮೇಲೆ ಬಾಡಿಯಲ್ಲಿ, ಇನ್ನೊಂದು ತುದಿಯನ್ನು ಎಡಗಡೆ ಕೆಳಗೆ ಆಕ್ಸಲಿನಲ್ಲಿ ಬಿಗಿದಿರುತ್ತಾರೆ. ಬಾಡಿಯನ್ನು ಎತ್ತಿದರೆ ರಾಡು ಇನ್ನಷ್ಟು ಓರೆಯಾಗುತ್ತದೆ. ಅದರ ಉದ್ದ ಬೆಳೆಯುವುದಿಲ್ಲವಾದ್ದರಿಂದ ಆಕ್ಸಲನ್ನು ತನ್ನ ಮೇಲಿನ ತುದಿಯ ಕಡೆಗೆ, ಅಂದರೆ ಬಲಕ್ಕೆ, ಎಳೆದುಕೊಳ್ಳುತ್ತದೆ. ಎಷ್ಟೋ ವರ್ಷ ಈ ಕಾರಿನ ಕೆಳಗೆ ಮಲಗಿದ್ದರೂ ನಾನು ಆ ರಾಡನ್ನು ನೆಟ್ಟಗೆ ನೋಡಿರಲಿಲ್ಲ. ತುಕ್ಕು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ ಬಿಟ್ಟು, ಸ್ಪ್ಯಾನರಿಗೆ ಪೈಪು ತೊಡಿಸಿ ಬಿಚ್ಚಿದೆ. ಕಾರನ್ನು ಎರಡು ಸಲ ಅಲ್ಲಾಡಿಸಿದ್ದೇ ತಡ, ಬಾಡಿ ಹೊರಳಿ ತಾನಾಗಿ ನಡುವಿಗೆ ಬಂದು ಕೂತಿತು. ರಾಡನ್ನು ಎರಡೂವರೆ ನೂಲು ಉದ್ದ ಮಾಡಿದರೆ ಮುಗಿಯಿತು. ಒಂದು ಗಂಟೆಯ ಒಳಗೆ ನನಗೆ ಎಲ್ಲವೂ ಗೊತ್ತಾಗಿತ್ತು.

ಬೋಲ್ಟನ್ನು ಮೊದಲಿನಂತೆಯೇ ಬಿಗಿದೆ. ಊಟ ಮುಗಿಸಿ ಬಂದ ಯಜಮಾನರಿಗೆ, "ಉಂಗುರ ಎರಡೂ ಒಂದೇ ಸಮ ಇಲ್ಲ. ತೆಗೆಸಿಬಿಡಿ, ಸರಿಹೋಗುತ್ತೆ," ಎಂದೆ.

ಉಂಗುರ ತೆಗೆದರು. ಕಾರು ಇಳಿಯಿತು, ರಾಡು ಮೊದಲಿನ ಓರೆಗೆ ಮರಳಿತು, ಆಕ್ಸಲ್ ನಡುವಿಗೆ ಬಂತು. ಹೇಳಿದ್ದು ಸುಳ್ಳು, ಆದರೆ ಕಣ್ಣೆದುರಿಗೆ ನಿಜವಾಗಿಬಿಟ್ಟಿತು. ಖಾದರ್ ಎರಡೂ ಕಡೆ ಮುಷ್ಟಿ ತೂರಿಸಿ, "ವಾಹ್ ಮೇಸ್ತ್ರೀ!" ಎಂದ. ಗಂಗಾಧರ ಮಾತ್ರ ಉಂಗುರಗಳನ್ನು ಕ್ಯಾಲಿಪರ್‌ನಲ್ಲಿ ಹಿಡಿದು ಮೂರು ಸಲ ಅಳೆದ.

"ಎರಡೂ ಒಂದೇ ಐತಲ್ಲ ಅಣ್ಣ," ಎಂದ.

"ನಿನ್ನ ಮಗ್ಗದ ಕಣ್ಣಿಗೆ ಹಾಗೆ ಕಾಣುತ್ತೆ," ಎಂದೆ. ಸುತ್ತಲಿದ್ದವರು ನಕ್ಕರು.

ಅದೇ ಸಂಜೆ ಯಜಮಾನರು ಅವನನ್ನು ಕರೆದು, ಈ ತಿಂಗಳು ಮುಗಿಸಿ ಷೆಡ್ಡಿಗೇ ವಾಪಸು ಹೋಗಪ್ಪಾ ಎಂದರು. ಅಷ್ಟು ದೂರ ಹೋಗುತ್ತದೆಂದು ನಾನು ಎಣಿಸಿರಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಎಣಿಸಿದ್ದೆ. ಷೆಡ್ಡಿಗೆ ಹೋದರೆ ಅವನ ಉಳಿದೊಂದು ಕಿವಿಯ ಗತಿ ಏನೆಂಬುದೂ ನನಗೆ ತಿಳಿದಿತ್ತು.

ಎರಡು ವಾರಕ್ಕೆ ಶೆಟ್ಟರ ಕಾರು ಎತ್ತಿನಗಾಡಿಗೆ ಹಗ್ಗ ಕಟ್ಟಿಸಿಕೊಂಡು ಬಂತು. ಆವತಿಯ ದಾರಿಯಲ್ಲಿ ಕಲ್ಲು ಬಡಿದು ಟ್ಯಾಂಕು ಒಡೆದಿತ್ತು. ಶೆಟ್ಟರು ಯಜಮಾನರ ಮೇಲೆ ಹಾರಾಡಿದರು. ಎತ್ತರವೂ ಬೇಕು, ಕಾರು ನೆಟ್ಟಗೂ ಇರಬೇಕು, ಆಗದಿದ್ದರೆ ಬೆಂಗಳೂರಿಗೆ ಕಳಿಸುತ್ತೇನೆ ಎಂದು ಹೇಳಿ ಹೋದರು. ಯಜಮಾನರು ನನ್ನ ಮುಖ ನೋಡಿದರು. ನಾನು ನಾಳೆ ಹೇಳುತ್ತೇನೆ ಎಂದೆ.

ಮರುದಿನ ಬೆಳಗ್ಗೆ ನಾನು ಬೀಗ ತೆಗೆಯುವ ಹೊತ್ತಿಗೆ ಗಂಗಾಧರ ಬಾಗಿಲಲ್ಲೇ ನಿಂತಿದ್ದ. ಅವನ ಕೈಯಲ್ಲಿ ಒಂದು ಹಲಗೆ. ಅದಕ್ಕೆ ಎರಡು ಮೊಳೆ, ನಡುವೆ ಒಂದು ಬಿದಿರುಕಡ್ಡಿ.

"ಅಣ್ಣ, ಮಗ್ಗದ ಒಂದು ಕಡೆ ಎತ್ತರ ಮಾಡಿದ್ರೆ ಕಟ್ಟಿರೋ ಚರ್ಮದ ಪಟ್ಟಿ ಎಳ್ಕೊಳ್ತದೆ. ಪಟ್ಟಿ ಉದ್ದ ಬಿಡ್ಬೇಕು. ಈ ಕಾರಲ್ಲೂ ಅಂಥದ್ದೊಂದು ಇರ್ಲೇಬೇಕು ಅಂತ ಎರಡು ವಾರದಿಂದ ತಲೇಲಿ ಕೊರೀತಿತ್ತು. ನಿನ್ನೆ ಕೆಳಗೆ ತೂರಿ ನೋಡ್ದೆ, ಅಡ್ಡ ರಾಡು ಐತೆ."

ನಾನು ಬಿಚ್ಚಿ ನೋಡಿ ತಿಳಿದದ್ದನ್ನು ಅವನು ಬಿಚ್ಚದೆ, ಕಾರು ಕಣ್ಣೆದುರಿಗೂ ಇಲ್ಲದೆ ತಿಳಿದಿದ್ದ. ಆ ಗಳಿಗೆಯಲ್ಲೂ ನನಗೆ ಮೊದಲು ಆದದ್ದು ಹೊಟ್ಟೆ ಉರಿಯೇ. ಕಡ್ಡಿಯನ್ನು ಕಿತ್ತು ಬಿಸಾಡಬೇಕೆನ್ನಿಸಿತು.

"ಬಿಚ್ಚಿದೆಯಾ ಅದನ್ನ?" ಎಂದೆ.

"ಬಿಚ್ದೆ. ಇಪ್ಪತ್ತು ವರ್ಷದ ಬೋಲ್ಟು, ಸ್ಪ್ಯಾನರ್ ಇಟ್ಟ ಏಟಿಗೇ ಬಂತು," ಎಂದು ಅವನು ಹಲಗೆಯನ್ನೇ ನೋಡುತ್ತ ಹೇಳಿದ. "ಸೀಮೆಎಣ್ಣೆ ವಾಸನೆ ಇನ್ನೂ ಇತ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೈಯನ್ನು ಪಂಚೆಗೆ ಒರೆಸಿಕೊಂಡೆ. ಅವನು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಬೈಯಲಿಲ್ಲ.

"ಯಜಮಾನ್ರಿಗೆ ನೀವೇ ಕಂಡುಹಿಡಿದ್ರಿ ಅಂತ ಹೇಳಿ ಅಣ್ಣ. ನಾನು ಬಾಯಿ ಬಿಡಲ್ಲ. ನನ್ನ ಮಾತ್ರ ಆ ಷೆಡ್ಡಿಗೆ ಕಳಿಸ್ಬೇಡಿ."

ಯಜಮಾನರ ಹತ್ತಿರ ಹೋದೆ. ಉಂಗುರದ ಅಳತೆಯಲ್ಲಿ ನನ್ನ ಕಣ್ಣು ತಪ್ಪಿತು, ತಪ್ಪು ರಾಡಿನದು, ಗಂಗಾಧರನದೇನೂ ಇಲ್ಲ ಎಂದೆ. ಇಷ್ಟು ಹೇಳಿದೆ. ಯಾವತ್ತು ತಿಳಿಯಿತು, ಎರಡನೆಯ ಸಲ ಕಂಡುಹಿಡಿದವರು ಯಾರು ಎಂಬುದನ್ನು ನುಂಗಿದೆ. ಯಜಮಾನರು, "ತಪ್ಪನ್ನ ಒಪ್ಪಿಕೊಂಡೆಯಲ್ಲ, ಅದು ದೊಡ್ಡತನ," ಎಂದು ನನ್ನ ಬೆನ್ನು ತಟ್ಟಿದರು. ಆ ದಿನವೇ ರಾಡನ್ನು ಕತ್ತರಿಸಿ, ನಡುವೆ ಪೈಪಿನ ತುಂಡು ತೊಡಿಸಿ, ಎರಡೂವರೆ ನೂಲು ಹೆಚ್ಚಿಸಿ ಗಂಗಾಧರ ವೆಲ್ಡ್ ಮಾಡಿದ. ಉಂಗುರ ಮತ್ತೆ ಕೂತವು. ಎರಡೂ ಕಡೆ ಅಳೆದೆ. ಸಮನಾಗಿ ಮೂರು ಇಂಚಿಗೆ ಅರ್ಧ ನೂಲು ಕಡಿಮೆ. ದೀಪಾವಳಿ ಕಳೆದ ಮೇಲೆ ಅವನು ಕಾಯಂ ಆದ.

ನಾವಿಬ್ಬರೂ ಇನ್ನೂ ಒಂಬತ್ತು ವರ್ಷ ಒಂದೇ ಸೂರಿನಡಿ ದುಡಿದೆವು. ಅವನು ಆ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಒಂದು ದಿನ ಜಗಳವಾಡಿ ಹಗುರಾಗುತ್ತಿದ್ದೆ. ೧೯೭೮ರಲ್ಲಿ ನಾನು ಕೆಲಸ ಬಿಟ್ಟಾಗ ವರ್ಕ್‌ಷಾಪಿನಲ್ಲೇ ಸಣ್ಣ ಸಮಾರಂಭ ಮಾಡಿದರು. ನನಗೆ ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿದರು. ಹೊಸ ಫೋರ್‌ಮನ್ ಗಂಗಾಧರ ಎದ್ದು ನಿಂತು, ಶೆಟ್ಟರ ಕಾರಿನ ಕಥೆಯನ್ನು ಎಲ್ಲರಿಗೂ ಹೇಳಿದ. ರಾಡಿನ ಗುಟ್ಟನ್ನು ಕಂಡುಹಿಡಿದದ್ದು ವೆಂಕಟರಮಣಣ್ಣ, ನನ್ನ ಕೆಲಸ ಉಳಿಸಿದ್ದೂ ಅವರೇ ಎಂದ. ಜನ ಚಪ್ಪಾಳೆ ಹೊಡೆದರು. ಅವನ ಮುಖದಲ್ಲಿ ಕುಹಕ ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದ, ಅಷ್ಟೇ. ಹಾರ ಹಾಕಿಕೊಂಡು ಕೂತ ನನಗೆ ಆಗಲೂ ಅವನ ಮೇಲೆ ಹೊಟ್ಟೆಕಿಚ್ಚೇ ಬಂತು. ಈ ಸಲ ಅದು ಅವನ ಕೈಕೆಲಸದ ಮೇಲಿನದಲ್ಲ. ನನ್ನ ಸರದಿ ಬಂದಾಗ ಎದ್ದು ನಿಂತೆ, ಎಲ್ಲರಿಗೂ ವಂದನೆ ಎಂದು ಹೇಳಿ ಕೂತುಬಿಟ್ಟೆ.

ಈ ಕಸುಬಿಗೆ ಬರುವವರಿಗೆ ನಾನು ಹೇಳುವುದು ಇದು. ಒಂದು ಭಾಗವನ್ನು ತೆಗೆದ ಕೂಡಲೇ ದೋಷ ಹೋಯಿತೆಂದರೆ ದೋಷ ಆ ಭಾಗದ್ದೇ ಎಂದು ತಿಳಿಯಬೇಡಿ. ಯಾಕೆ ಹೋಯಿತು ಎಂಬುದು ಗೊತ್ತಾಗುವ ತನಕ ಯಾರ ಮೇಲೂ ತಪ್ಪು ಹೊರಿಸಬೇಡಿ. ನನಗಂತೂ ಯಾಕೆ ಎಂಬುದು ಗೊತ್ತಿತ್ತು. ಕಾರಿನ ಕೆಳಗೆ ಒಂದು ಗಂಟೆಯಲ್ಲಿ ತಿಳಿದದ್ದನ್ನು ಬಾಯಿಬಿಟ್ಟು ಹೇಳಲು ಇಷ್ಟು ವರ್ಷ ಹಿಡಿಯಿತು, ಅದೂ ಗಂಗಾಧರನ ಮುಂದೆ ಅಲ್ಲ, ನಿಮ್ಮ ಮುಂದೆ.