ಶಿಕ್ಷೆ ಮುಗಿಸಿ ಬಂದವನು

ಅರವತ್ತರ ದಶಕದಲ್ಲಿ ನಾವು ಯಲಹಂಕದಲ್ಲಿದ್ದಾಗ ಅಟ್ಟೂರಿನ ಹೆಂಗಸೊಬ್ಬಳು ಮನೆಗೆ ಸೊಪ್ಪು ತರುತ್ತಿದ್ದಳು. ಅವಳದು ಮಾತು ಕಡಿಮೆ. ಚೌಕಾಸಿ ಮಾಡಿದರೆ, "ನ್ಯಾಯವಾಗಿ ಕೇಳ್ರವ್ವಾ" ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುವಳು, ಅಷ್ಟೇ. ಕೆರೆ ನೀರಿನ ಜಗಳದಲ್ಲಿ ಅವಳ ಗಂಡನನ್ನು ಅವರೂರಿನವನೇ ಕಡಿದು ಕೊಂದು ಜೈಲಿಗೆ ಹೋಗಿದ್ದ.

ಅವನು ಬಿಡುಗಡೆಯಾಗಿ ಬಂದ ವಾರ ಒಂದು ದಿನ, ನಮ್ಮ ಮನೆಯ ಪಕ್ಕದ ಅಂಗಡಿಯಲ್ಲಿ ಬೆಲ್ಲ ಕೇಳುತ್ತಿದ್ದ. ನಾನು ಬಾಗಿಲಲ್ಲಿ ಅವಳಿಂದ ಸೊಪ್ಪು ಕೊಳ್ಳುತ್ತಿದ್ದೆ. ಅವಳನ್ನು ಕಂಡ ಅಂಗಡಿಯವರು ಗಟ್ಟಿಯಾಗಿ, "ಕೊಲೆ ಮಾಡಿದೋನಿಗೆ ಇಲ್ಲೇನೂ ಇಲ್ಲ, ನಡಿಯಯ್ಯ" ಎಂದರು.

ಅವಳು ಎದ್ದು ಅಂಗಡಿಯ ಮುಂದೆ ನಿಂತಳು.

"ಯಾಕ್ ಕೊಡಾಕಿಲ್ಲ ಸ್ವಾಮಿ? ಕೋರ್ಟು ಕೊಟ್ಟ ಶಿಕ್ಷೆ ಮುಗಿಸ್ಕೊಂಡು ಬಂದವ್ನೆ. ಇನ್ನೂ ಶಿಕ್ಷೆ ಕೊಡಾಕೆ ನೀವ್ಯಾರು?"

ಅಂಗಡಿಯವರು ಬೆಲ್ಲ ತೂಗಿದರು. ಅವನು ಅಳುತ್ತಾ ಅವಳ ಕಾಲಿಗೆ ಬಾಗಿದ. ಅವಳು ಸರ್ರನೆ ಹಿಂದೆ ಸರಿದಳು.

"ಮುಟ್ಬ್ಯಾಡ. ನಾನು ನಿನ್ನ ಮನ್ನಿಸಿಲ್ಲ. ಬೆಲ್ಲ ತಕ್ಕೊಂಡು ಓಗು."

ಅವನು ತಿರುವು ದಾಟುವವರೆಗೂ ಅವಳು ನೆಟ್ಟಗೆ ನಿಂತಿದ್ದಳು. ಆಮೇಲೆ ಬಂದು ಬುಟ್ಟಿ ಎತ್ತಲು ಬಗ್ಗಿದಳು. ದಿನವೂ ತಾನೇ ಎತ್ತಿಕೊಳ್ಳುತ್ತಿದ್ದವಳಿಗೆ ಅಂದು ಎತ್ತಲಾಗಲಿಲ್ಲ. ನಾನೇ ಎತ್ತಿ ಅವಳ ತಲೆಯ ಮೇಲಿಟ್ಟೆ.