ಟ್ರಾಲಿ ಹಿಂದಿನ ಮೂರು ಸೈಕಲ್

ಕಾಲುವಿ ಅಳತಿ ಕೆಲಸದಾಗ ನಮಗ ಒಂದೂರು ಅಂತ ಇರಲಿಲ್ಲ. ಟ್ರ್ಯಾಕ್ಟರ್ ಟ್ರಾಲಿಗೆ ತಾಡಪಾಲು ಕಟ್ಟಿ ಅದನ್ನೇ ಮನಿ ಮಾಡಿಕೊಂಡಿದ್ವಿ. ಹೆಂಡತಿ, ಇಬ್ಬರು ಮಕ್ಕಳು, ಒಲಿ, ಪಾತ್ರಿ ಎಲ್ಲಾ ಅದರೊಳಗ. ಮನಿಯ ಮೂರು ಸೈಕಲ್ ಮಾತ್ರ ಒಳಗ ಹಿಡಿಯಲಿಲ್ಲ, ಹಿಂದ ಹಗ್ಗದಿಂದ ಬಿಗಿದಿದ್ದೆ. ಧೂಳು ಬಡೀಬಾರದು ಅಂತ ನನ್ನಾಕಿ ಅವಕ್ಕ ತನ್ನ ಹಳೇ ಕೆಂಪು ಸೀರಿ ಸುತ್ತಿದ್ದಳು.

ದೇವದುರ್ಗದಿಂದ ಮಾನ್ವಿ ಕಡೆ ಹೊರಟು ಮಲ್ಲಟ ಮುಟ್ಟಿದ್ದೇ ತಡ, ಹಲಗಿ ಬಡಿಯಾಕ ಶುರುವಾತು. ಮಂದಿ ಅಡ್ಡ ಬಂದು ಟ್ರ್ಯಾಕ್ಟರ್ ನಿಲ್ಲಿಸಿದರು. ಆಗೆಲ್ಲಾ ಹೆಣ್ಣಿನವರು ಮದುಮಗನಿಗೆ ಸೈಕಲ್ ತರೋದು ವಾಡಿಕಿ. ಅವತ್ತು ಅಲ್ಲೊಂದು ಮನಿಯವರು ಹೆಣ್ಣಿನವರ ಹಾದಿ ಕಾಯಾಕತ್ತಿದ್ದರು. ಸೀರಿ ಸುತ್ತಿದ ಸೈಕಲ್ ನೋಡಿ, ನಾವೇ ಅವರು ಅಂದುಕೊಂಡರು.

ಮದುಮಗನ ಅಜ್ಜಿ ಆರತಿ ತಟ್ಟಿ ಹಿಡಕೊಂಡು ಬಂದಳು. ಏನು ಗದ್ದಲ ಅಂತ ನನ್ನಾಕಿ ತಾಡಪಾಲು ಸರಿಸಿ ಮುಖ ಹೊರಗ ಹಾಕಿದಳು. ಮುದುಕಿ ಕುಂಕುಮ ಹಚ್ಚೇಬಿಟ್ಟಳು. ಅಷ್ಟರಾಗ ನನ್ನಾಕಿ ಬಗಲಾಗಿಂದ ಎರಡು ಸಣ್ಣ ತಲಿ ಇಣುಕಿದವು.

"ಯವ್ವಾ, ನಾವು ಹುಡುಗಿ ಒಬ್ಬಾಕಿನ್ನ ಕೇಳಿದ್ವಿ," ಅಂದಳು ಮುದುಕಿ.

"ನಾವು ಕಾಲುವಿ ಕೆಲಸದವರು ಯವ್ವಾ," ಅಂದೆ ನಾನು.

ಊರೇ ನಕ್ಕಿತು. "ಇರಲಿ ಬರ್ರಿ, ಆರತಿ ಆಗೇತಿ, ಉಂಡ ಹೋಗ್ರಿ," ಅಂತ ಮುದುಕಿ ಹೋಳಿಗಿ ಊಟಕ್ಕ ಕೂಡ್ರಿಸಿದಳು.

ಉಣ್ಣೋದರಾಗ ಖರೇ ಹೆಣ್ಣಿನವರು ಬಂದರು. ಅವರ ಹತ್ತಿರ ಇದ್ದದ್ದು ಒಂದೇ ಸೈಕಲ್. ಮದುಮಗ ಅದನ್ನ ನೋಡ್ತಾನ, ನಮ್ಮ ಮೂರನ್ನ ನೋಡ್ತಾನ. ಕಡೀಕ ನಾನೇ ಎದ್ದು ಹೋಗಿ, ಸುತ್ತಿದ ಸೀರಿ ಸರಿಸಿ, ನಮ್ಮ ಸೈಕಲ್ಲಿನ ತುಕ್ಕು ತೋರಿಸಿದೆ.

ಆಮ್ಯಾಲ ಅವನು ಮದುಮಗಳ ಕಡೆ ತಿರುಗಿದ.