ಏನೂ ಮಾಡಬಾರದ ಭಾನುವಾರ

ಮಸಿನಗುಡಿ ಹತ್ತಿರದ ಮಾವನಲ್ಲಾ ಎಂಬ ಊರಿನ ಒಂದು ಹೋಂಸ್ಟೇಯಲ್ಲಿ ಅಡುಗೆ ಮಾಡುವ ಶಾಂತಲಾಗೆ ಭಾನುವಾರ ರಜೆ ಸಿಗುವುದು ಕಾಡಿನಲ್ಲಿ ಹುಲಿ ಕಂಡಷ್ಟೇ ಅಪರೂಪ. ಶನಿವಾರ ಮಧ್ಯಾಹ್ನದಿಂದಲೇ ಮೈಸೂರು, ಕೊಯಮತ್ತೂರು, ಬೆಂಗಳೂರಿನ ಕಾರುಗಳು ಬಂದು ನಿಲ್ಲುತ್ತಿದ್ದವು. ದಣಿದವರು ಇಳಿಯುತ್ತಿದ್ದರು, ಶಾಂತಲಾ ಬಡಿಸುತ್ತಿದ್ದಳು, ಸೋಮವಾರದ ಹೊತ್ತಿಗೆ ಅವರ ದಣಿವೆಲ್ಲ ಇವಳ ಸೊಂಟಕ್ಕೆ ಬಂದು ಕೂತಿರುತ್ತಿತ್ತು. ಇವಳಿಗೆ ರಜೆ ಕೊಡುತ್ತಿದ್ದುದು ವಾರದ ನಡುವೆ. ಆಗ ಗಂಡ ಮಂಜುನಾಥ್ ಮಸಿನಗುಡಿಯಲ್ಲಿ ಆಟೋ ಓಡಿಸುತ್ತಿರುತ್ತಿದ್ದ, ಮಗಳು ಜನನಿ ಊಟಿಯ ಔಷಧಿ ಅಂಗಡಿಯಲ್ಲಿರುತ್ತಿದ್ದಳು. ಮನೆಯಲ್ಲಿ ಮಾತಿಗೆ ಸಿಗುತ್ತಿದ್ದುದು ಅತ್ತೆ ಮಲ್ಲಾಜಮ್ಮ ಮತ್ತು ಹಸು. ಇಬ್ಬರೂ ತಮಗೆ ಬೇಕಾದಾಗ ಮಾತ್ರ ಬಾಯಿ ಬಿಡುವವರು.

ಈ ಸಲ ಜನನಿಗೆ ಭಾನುವಾರ ಬಿಡುವಿದೆಯೆಂದು ಗೊತ್ತಾದಾಗ ಶಾಂತಲಾ ಧೈರ್ಯ ಮಾಡಿ ಹೋಂಸ್ಟೇ ಮಾಲೀಕ ಮುರಳೀಧರನ್ ಎದುರು ನಿಂತು ಒಂದೇ ಒಂದು ಭಾನುವಾರ ಕೇಳಿದಳು. ಅವನು ಒಪ್ಪಿದ. ಮನೆಯಲ್ಲಿ ತೀರ್ಮಾನವೂ ಆಗಿಹೋಯಿತು. ಶಾಂತಲಾ ಒಲೆಯ ಹತ್ತಿರ ಸುಳಿಯಬಾರದು. ಮಂಜುನಾಥ್ ಮಸಿನಗುಡಿಯಿಂದ ಬಿರಿಯಾನಿ ತರಬೇಕು. ಪಕ್ಕದ ಮನೆಯ ಗೆಳತಿ ಕಲೈಸೆಲ್ವಿಯನ್ನೂ ಕರೆಯಬೇಕು. ತಿಂದು, ಟಿವಿ ಹಾಕಿಕೊಂಡು, ಸಂಜೆಯವರೆಗೆ ಬಿದ್ದುಕೊಂಡಿರಬೇಕು.

ಶನಿವಾರ ಸಂಜೆ ಶಾಂತಲಾ ಬೇಗ ಕೆಲಸ ಮುಗಿಸಿ ಬಂದಿದ್ದಳು. ಜನನಿ ಬಸ್ಸಿಳಿದು ಮನೆಗೆ ಬಂದ ಹಿಂದೆಯೇ ಮುರಳೀಧರನ್ ಜೀಪೂ ಬಂತು.

“ಅಕ್ಕಾ, ಒಂದು ಸಣ್ಣ ಹೆಲ್ಪ್. ಮಂಡ್ಯದಿಂದ ಗಂಡ ಹೆಂಡತಿ ಬಂದಿದ್ದಾರೆ. ನಾಳೆ ಅವರಿಗೆ ನಿಜವಾದ ಹಳ್ಳಿ ಮನೆಯ ಜೀವನ ತೋರಿಸ್ತೀನಿ ಅಂದಿದ್ದೀನಿ. ನೀವು ಹೇಗೂ ಮನೆಯಲ್ಲೇ ಇರ್ತೀರಲ್ಲ?”

“ನಾಳೆ ನಂಗೆ ರಜೆ ಅಲ್ವಾ ಸಾರ್?”

“ರಜೆಯೇ ಅಕ್ಕಾ, ಯಾರು ಇಲ್ಲ ಅಂದ್ರು? ನೀವು ಏನೂ ಮಾಡಬೇಡಿ. ಸಾಧಾರಣವಾಗಿ ಇರಿ, ಅಷ್ಟೇ.”

ಹಾಗಂದವನು ಮನೆಯೊಳಗೊಮ್ಮೆ ಕಣ್ಣಾಡಿಸಿದ. ಅಲ್ಲಿ ಸಾಧಾರಣವಾದದ್ದು ಅವನಿಗೆ ಏನೂ ಕಾಣಲಿಲ್ಲ. ಫ್ರಿಜ್ ಕಾಣಬಾರದು ಎಂದ. ಪ್ಲಾಸ್ಟಿಕ್ ಕುರ್ಚಿಗಳು ಹಿತ್ತಲಿಗೆ ಹೋಗಲಿ, ಟಿವಿ ಹಾಕಬೇಡಿ, ಗ್ಯಾಸ್ ಬೇಡ, ಸೌದೆ ಒಲೆ ಹಚ್ಚಿ ಎಂದ. ಬಿರಿಯಾನಿಯ ಮಾತು ಕಿವಿಗೆ ಬಿದ್ದಾಗ ಬೆಚ್ಚಿಬಿದ್ದ. “ಅಯ್ಯೋ, ಬಿರಿಯಾನಿ ತಿನ್ನೋಕೆ ಯಾರಾದ್ರೂ ಹಳ್ಳಿಗೆ ಬರ್ತಾರಾ? ಮುದ್ದೆ ಮಾಡಿ ಅಕ್ಕಾ. ಅವರೆಕಾಳು ಸಾರು.”

ಏನೂ ಮಾಡದೆ ಇರುವುದಕ್ಕಾಗಿ ಶಾಂತಲಾ ಭಾನುವಾರ ನಸುಕಿಗೇ ಎದ್ದಳು. ಅಂಗಳ ಸಾರಿಸಿದಳು. ಹಿತ್ತಲಿನ ಹಳೆಯ ಒಲೆಯಲ್ಲಿ ಸಂಸಾರ ಹೂಡಿದ್ದ ಬೆಕ್ಕನ್ನು ಮರಿಗಳ ಸಮೇತ ಎಬ್ಬಿಸಿದಳು. ಕೊಟ್ಟಿಗೆಯಲ್ಲಿ ತಗಡು ಹಾರದಂತೆ ಒತ್ತಿಟ್ಟಿದ್ದ ಬೀಸುವ ಕಲ್ಲನ್ನು ಮಂಜುನಾಥ್ ಉಸಿರು ಕಟ್ಟಿ ಜಗಲಿಗೆ ಉರುಳಿಸಿಕೊಂಡು ಬಂದ. ಜನನಿ ಫ್ರಿಜ್ಜಿಗೆ ಹಳೆಯ ಕಂಬಳಿ ಹೊದಿಸಿದಳು. ಅದು ಜ್ವರ ಬಂದವರಂತೆ ಆಗಾಗ ನಡುಗಿ ನರಳುತ್ತಿತ್ತು.

ಮಾತು ಕೇಳದವರು ಮಲ್ಲಾಜಮ್ಮ ಒಬ್ಬರೇ. ಇದ್ದದ್ದರಲ್ಲಿ ಒಳ್ಳೆಯ ರೇಷ್ಮೆ ಸೀರೆಯುಟ್ಟು ಬಂದು ಕೂತರು.

“ಅತ್ತೆ, ಹಳೇ ಸೀರೆ ಉಟ್ಕೊಳಿ ಅಂದಿದ್ರು ಸಾರ್.”

“ಮನೆಗೆ ಜನ ಬರೋ ದಿನ ಹಳೇ ಸೀರೆ ಉಡೋಕೆ ನಂಗೇನ್ ಬಂದದೆ ಕಣವ್ವ? ಅವ್ರು ಬೇಕಾದ್ರೆ ಉಟ್ಕಳ್ಳಿ.”

ಬಿಸಿಲೇರುವ ಹೊತ್ತಿಗೆ ಅತಿಥಿಗಳು ಬಂದರು. ಹೆಂಗಸಿನ ಹೆಸರು ಇಂದ್ರಾಣಿ. ಗಂಡ ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಮುರಳೀಧರನ್ ಅವರನ್ನು ಇಳಿಸಿ, ಸಂಜೆ ಫೋಟೋ ತೆಗೆಯಲು ಬರುತ್ತೇನೆಂದು ಹೇಳಿ ಹೋದ. ಶಾಂತಲಾ ಹೊಂಗೆಮರದ ನೆರಳಿನಲ್ಲಿ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಮಲ್ಲಾಜಮ್ಮ ಸೀರೆಯ ಸೆರಗು ಸರಿಮಾಡಿಕೊಂಡು ಬೀಸುವ ಕಲ್ಲಿನ ಗೂಟ ಹಿಡಿದು ತಯಾರಾದರು.

“ಒಂದೈದು ನಿಮಿಷ ಕಾಲು ಚಾಚ್ಕೋತೀನಿ, ತಪ್ಪು ತಿಳ್ಕೋಬೇಡಿ” ಎಂದರು ಇಂದ್ರಾಣಿ. ಚಾಚಿದರು. ಕೈಚೀಲವನ್ನೇ ತಲೆದಿಂಬು ಮಾಡಿಕೊಂಡರು. ಅವರ ಗಂಡ ಮರಕ್ಕೊರಗಿ ಕೂತಿದ್ದವರು ಮೆಲ್ಲಗೆ ಜಾರಿ, ಕೊನೆಗೆ ಪೂರ್ತಿ ಮಲಗಿದರು. ಸ್ವಲ್ಪ ಹೊತ್ತಿಗೆ ಇಬ್ಬರ ಗೊರಕೆಯೂ ಒಂದರ ಹಿಂದೊಂದು ಶುರುವಾಯಿತು.

ಮಲ್ಲಾಜಮ್ಮ ಗೂಟ ಹಿಡಿದ ಕೈ ಹಾಗೇ ನಿಂತಿತ್ತು. “ಇವ್ರ ಮನೇಲಿ ಮಂಚ ಇಲ್ವೇನೆ ಶಾಂತ?”

“ಶ್ಶ್! ಎದ್ಬಿಡ್ತಾರೆ ಅತ್ತೆ.”

ಕಾದರು. ಮುದ್ದೆ ಆರಿತು. ಸಾರು ಕೆನೆಗಟ್ಟಿತು. ಎಬ್ಬಿಸಿದರೆ ಮರ್ಯಾದೆಯಲ್ಲ, ಬಿಟ್ಟರೆ ಕಾರ್ಯಕ್ರಮ ನಡೆಯುವುದಿಲ್ಲ. ಮನೆಯವರೆಲ್ಲ ತಮ್ಮದೇ ಅಂಗಳದಲ್ಲಿ ಕಳ್ಳರಂತೆ ತುದಿಗಾಲಲ್ಲಿ ಓಡಾಡಿ, ಸಾಕಾಗಿ, ಹಿತ್ತಲಿಗೆ ಹೋಗಿ ಅಲ್ಲಿ ಬಚ್ಚಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಬೇಲಿ ದಾಟಿ ಕಲೈಸೆಲ್ವಿಯೂ ಬಂದಳು.

“ಅಕ್ಕಾ, ಯಾರಾದ್ರೂ ಹೋಗ್ಬಿಟ್ರಾ? ಇಷ್ಟು ಸೈಲೆಂಟಾಗಿ ಇದ್ದೀರಿ!”

“ಹೋಗಿಲ್ಲ, ಮಲಗವ್ರೆ” ಎಂದಳು ಶಾಂತಲಾ, ನಗು ತಡೆಯಲಾಗದೆ ಸೆರಗನ್ನು ಬಾಯಿಗೊತ್ತಿಕೊಂಡು.

ಜೋರಾಗಿ ಮಾತಾಡುವಂತಿರಲಿಲ್ಲ. ಟಿವಿ ಹಾಕುವಂತಿರಲಿಲ್ಲ. ಬೇರೆ ದಾರಿಯಿಲ್ಲದೆ ಪಿಸುಮಾತಿನಲ್ಲೇ ಹರಟೆ ಹೊಡೆದರು. ಜನನಿ ಅಮ್ಮನ ತಲೆಗೆ ಎಣ್ಣೆ ತಟ್ಟುತ್ತ, ಅಂಗಡಿಗೆ ಬಂದು ಕೆಮ್ಮಿನ ಔಷಧಿಯನ್ನು ಕುಡಿದು ನೋಡಿಯೇ ಕೊಳ್ಳುತ್ತೇನೆಂದು ಹಟ ಹಿಡಿದ ಮುದುಕರೊಬ್ಬರ ಕತೆ ಹೇಳಿದಳು. ಸದ್ದು ಮಾಡದೆ ನಗಬೇಕಾಗಿ ಬಂದು ಎಲ್ಲರಿಗೂ ಹೊಟ್ಟೆ ಹಿಡಿದುಕೊಂಡಿತು. ಬೇಲಿಯಾಚೆ ಜಿಂಕೆಗಳು ಮೇಯುತ್ತಿದ್ದವು. ಅವುಗಳ ಕಡೆ ಯಾರೂ ನೋಡಲಿಲ್ಲ. ಮಗಳ ಬೆರಳು ನೆತ್ತಿಯ ಮೇಲೆ ಆಡುತ್ತಿದ್ದಂತೆ ಶಾಂತಲಾಗೆ ಕಣ್ಣು ಎಳೆಯತೊಡಗಿತು. ಹೀಗೆ ಕೂತು ಎಷ್ಟು ಕಾಲವಾಗಿತ್ತೆಂದು ಅವಳಿಗೆ ನೆನಪಾಗಲಿಲ್ಲ, ನೆನಪು ಮಾಡಿಕೊಳ್ಳಲು ಮನಸ್ಸೂ ಬರಲಿಲ್ಲ.

ಹಸಿವು ತಾಳದೆ ಮಂಜುನಾಥ್ ಆಟೋವನ್ನು ರಸ್ತೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡಿದ. ಬರುವಾಗ ಬಿರಿಯಾನಿ ಪೊಟ್ಟಣಗಳಿದ್ದವು. ಕದ್ದ ಮಾಲಿನಂತೆ ಬಿಚ್ಚಿದರು. ಎಲ್ಲರೂ ಒಂದು ತುತ್ತು ಬಾಯಿಗಿಟ್ಟಿದ್ದರು, ಅಷ್ಟರಲ್ಲಿ ಮನೆಯ ಮೂಲೆಯಿಂದ ದಪ್ಪ ಮೀಸೆ ಇಣುಕಿತು. ಹಿಂದೆ ಇಂದ್ರಾಣಿ.

ಶಾಂತಲಾ ಕೈಯಲ್ಲಿದ್ದ ಮೂಳೆಯನ್ನು ಎಲ್ಲಿಡುವುದೆಂದು ತಿಳಿಯದೆ ಎದ್ದು ನಿಂತಳು. “ನಿಮಗೆ... ಮುದ್ದೆ ಮಾಡಿದ್ದೆ. ಬಿಸಿ ಮಾಡ್ಕೊಡ್ತೀನಿ ಕೂತ್ಕೊಳಿ.”

“ಮುದ್ದೆನಾ? ಮಂಡ್ಯದವರಿಗೆ?” ಎಂದರು ಮೀಸೆಯವರು. ಅಂದು ಅವರು ಆಡಿದ ಮೊದಲ ಮಾತೇ ಅದು. “ದಿನಾ ಅದೇ ತಿಂತೀವಿ ತಾಯಿ. ಆ ಪೊಟ್ಟಣದಲ್ಲಿ ಇನ್ನೂ ಐತಾ?”

ಇತ್ತು. ಕುರ್ಚಿ ಎಳೆದುಕೊಂಡು ಕೂತರು. ಅವರದೊಂದು ಕಲ್ಯಾಣಮಂಟಪವಂತೆ. ಶನಿವಾರ, ಭಾನುವಾರ ಬಂದರೆ ಊರಿನವರ ಮದುವೆಗಳಿಗೆಲ್ಲ ಬೀಗ ತೆಗೆಯುವುದು, ನೀರು ತುಂಬಿಸುವುದು, ವಾಲಗದವರ ಜಗಳ ಬಿಡಿಸುವುದು. ಈ ವಾರ ಮುಹೂರ್ತವಿಲ್ಲದೆ ಬಿಡುವು ಸಿಕ್ಕಿತ್ತಂತೆ. “ಸದ್ದಿಲ್ಲದ ಜಾಗ ಇದ್ರೆ ಮಲಗೋಕೆ ಕೊಡಪ್ಪಾ ಅಂತ ಕೇಳಿದ್ವಿ” ಎಂದರು ಇಂದ್ರಾಣಿ. “ಅವ್ರು ಹಳ್ಳಿ ಮನೆ ತೋರಿಸ್ತೀನಿ ಅಂದ್ರು. ನಾವೂ ಹಳ್ಳಿಯವರೇ ಅಂತ ಹೇಳೋಕೆ ನಾಚಿಕೆಯಾಗಿ ಸುಮ್ಮನಾದ್ವಿ.”

ಸಂಜೆ ಮುರಳೀಧರನ್ ಕ್ಯಾಮೆರಾ ಹಿಡಿದು ಬಂದಾಗ ಬೀಸುವ ಕಲ್ಲಿನ ಮೇಲೆ ಮೀಸೆಯವರ ಚಪ್ಪಲಿಗಳಿದ್ದವು. ಒಳಗೆ ಟಿವಿ ಧಾರಾವಾಹಿಯ ಅತ್ತೆಗೆ ಮಲ್ಲಾಜಮ್ಮ ಮತ್ತು ಇಂದ್ರಾಣಿ ಜೊತೆಯಾಗಿ ಶಾಪ ಹಾಕುತ್ತಿದ್ದರು. ಅವನ ಮುಖ ಬಾಡಿತು. ಆದರೆ ಆ ದಂಪತಿ ಊರಿಗೆ ಹೋದ ಮೇಲೆ ಹೋಂಸ್ಟೇಯ ಆನ್‌ಲೈನ್ ಪುಟದಲ್ಲಿ ‘ಜೀವನದಲ್ಲೇ ಇಷ್ಟು ನೆಮ್ಮದಿಯ ಭಾನುವಾರ ಕಂಡಿರಲಿಲ್ಲ’ ಎಂದು ಬರೆದದ್ದನ್ನು ಓದಿ ಅವನು ಓಡೋಡಿ ಬಂದ. ಇನ್ನು ಮೇಲೆ ಪ್ರತಿ ಭಾನುವಾರವೂ ಹಳ್ಳಿ ಮನೆ ಎಂದ.

“ನಮ್ಮನೇಲಿ ಆಗಲ್ಲ ಸಾರ್” ಎಂದಳು ಶಾಂತಲಾ. ಅವನೆದುರು ಅವಳು ಆಗಲ್ಲ ಎಂದದ್ದು ಅದೇ ಮೊದಲು. ಆಡಿದ ಮೇಲೆ ಅವಳಿಗೆ ಸ್ವಲ್ಪ ಹಿತವೆನಿಸಿತು.

ಮುರಳೀಧರನ್ ಒತ್ತಾಯಿಸಲಿಲ್ಲ. ಬೇಲಿಯಾಚೆ ನೋಡಿದ. ಕಲೈಸೆಲ್ವಿ ಸಂತೋಷದಿಂದ ಒಪ್ಪಿಕೊಂಡಳು. ಒಂದೇ ತೊಡಕು: ಅವಳಿಗೆ ಮುದ್ದೆ ತಿರುವಲು ಬರುವುದಿಲ್ಲ, ತಿರುವಿದರೆ ಗಂಟಾಗುತ್ತದೆ.

ಹಾಗಾಗಿ ಈಗ ಪ್ರತಿ ಭಾನುವಾರ ಶಾಂತಲಾ ಹೋಂಸ್ಟೇಯ ಗ್ಯಾಸ್ ಒಲೆಯ ಮೇಲೆ ಮುದ್ದೆ ಮಾಡಿ ಹಾಟ್‌ಬಾಕ್ಸಿಗೆ ತುಂಬುತ್ತಾಳೆ. ಮುರಳೀಧರನ್ ಜೀಪಿನಲ್ಲಿ ಒಯ್ದು ಕಲೈಸೆಲ್ವಿಯ ಹಿತ್ತಲ ಬಾಗಿಲಲ್ಲಿ ಇಳಿಸುತ್ತಾನೆ. ಸಂಜೆ ಹಿಂತಿರುಗಿದ ಅತಿಥಿಗಳು ಹೋಂಸ್ಟೇಯ ಮೇಜಿಗೆ ಕೂತು, ಬಡಿಸಲು ಬಂದ ಶಾಂತಲಾಗೆ ತಪ್ಪದೆ ಹೇಳುತ್ತಾರೆ: “ಎಷ್ಟೇ ಆಗಲಿ, ಮನೆ ಮುದ್ದೆಯ ರುಚಿ ಹೋಟೆಲಿನವರ ಕೈಗೆ ಬರಲ್ಲ ಕಣಮ್ಮ.”

“ಹೌದು ಸಾರ್” ಎನ್ನುತ್ತಾಳೆ ಶಾಂತಲಾ, ಇನ್ನೊಂದು ಸೌಟು ಸಾರು ಬಡಿಸುತ್ತ.